ಬೋರ್ಡಿನ ಮೇಲೊಂದು ಬಿಳಿ ಕೂದಲು

ನನ್ನದು ಕನ್ನಡಕದ ಅಂಗಡಿ, ಪಕ್ಕದ್ದು ಟಿವಿ ರಿಪೇರಿ ಅಂಗಡಿ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅದರಲ್ಲಿ ನನ್ನ ಮುಷ್ಟಿ ತೂರುವಷ್ಟು ದೊಡ್ಡ ಕಿಂಡಿಯೊಂದಿದೆ. ಹಿಂದಿನ ಬಾಡಿಗೆದಾರರು ಯಾವುದೋ ತಂತಿ ಎಳೆಯಲು ಕೊರೆದದ್ದಂತೆ. ಹದಿನೆಂಟು ವರ್ಷ ಆ ಕಿಂಡಿಯ ಪಕ್ಕದಲ್ಲೇ ಕೂತು ಲೆನ್ಸ್ ಉಜ್ಜಿದವನು ನಾನು. ಹಾಗಾಗಿ ಈಗ ಹೇಳುವುದರಲ್ಲಿ ಅರ್ಧ ನಾನೇ ಕಂಡದ್ದು, ಕೇಳಿದ್ದು. ಉಳಿದರ್ಧ ಆಮೇಲೆ ಆ ಟಿವಿಯವರೇ ಚಹಾ ಕುಡಿಯುತ್ತಾ ಹೇಳಿದ್ದು.

ಬೀದಿಯವರು ಟಿವಿಯವರಿಗೆ ಬೆನ್ನ ಹಿಂದೆ ಇಟ್ಟ ಹೆಸರು ‘ತಡೀರಿ’. ಯಾರು ಏನೇ ಹೇಳಿದರೂ ಅವರ ಬಾಯಿಂದ ಮೊದಲು ಬರುವ ಮಾತು ಅದೇ. ‘ಕರೆಂಟು ಬಂತು’ ಎಂದರೆ ‘ತಡೀರಿ, ನೋಡೋಣ’. ‘ನನಗೆ ಮೊಮ್ಮಗಳು ಹುಟ್ಟಿದಳು’ ಎಂದು ನಾನು ಸಿಹಿ ಹಿಡಿದುಕೊಂಡು ಹೋದಾಗಲೂ ‘ತಡೀರಿ’ ಎಂದು ಕೈಯಲ್ಲಿದ್ದ ಕೆಲಸ ಮುಗಿಸಿ, ಆಮೇಲೆ ಸಿಹಿಯನ್ನು ಮೂಸಿ ನೋಡಿಯೇ ಬಾಯಿಗಿಟ್ಟರು.

ಈ ಗುಣ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಸಂಬಳದ ಜೊತೆ ಬಂದದ್ದು. ಹರೆಯದಲ್ಲಿ ಅವರು ಟಿವಿ ಜೋಡಿಸುವ ಕಾರ್ಖಾನೆಯೊಂದರಲ್ಲಿ ಸಾಲಿನ ಕಟ್ಟಕಡೆಯ ಮೇಜಿನಲ್ಲಿ ಕೂತಿದ್ದರು. ಇಪ್ಪತ್ತು ಜನ ಜೋಡಿಸಿ ಕಳಿಸಿದ ಟಿವಿ ಅವರ ಮುಂದೆ ಬರುತ್ತಿತ್ತು. ಅದರಲ್ಲಿ ತಪ್ಪು ಇದ್ದೇ ಇದೆ ಎಂದು ನಂಬಿ ಹುಡುಕುವುದೇ ಅವರ ಕೆಲಸ. ಹನ್ನೊಂದು ವರ್ಷ ಹಾಗೆ ಹುಡುಕಿದರು. ಕಾರ್ಖಾನೆ ಬಾಗಿಲು ಹಾಕಿತು. ಅವರ ಹುಡುಕುವ ಚಾಳಿ ಮಾತ್ರ ಬಾಗಿಲು ಹಾಕಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಗಂಡನೊಂದಿಗೆ ಅವರ ಹೆಂಡತಿ ಇಪ್ಪತ್ತೆರಡು ವರ್ಷ ಬಾಳಿದ್ದಾರೆ ಎಂದರೆ ಆಕೆಯ ತಾಳ್ಮೆ ಎಂಥದ್ದೆಂದು ನೀವೇ ಊಹಿಸಿ.

ಅಂಗಡಿಯಲ್ಲಿ ಅವರಿಗೆ ಬಲಗೈ ಎಂದರೆ ಹೆಂಡತಿಯ ತಮ್ಮ. ಮೂವತ್ತೈದರ ಆಸುಪಾಸಿನ, ನಗುಮುಖದ ಮನುಷ್ಯ. ಬಿಡಿಭಾಗ ತರುವುದು, ಟಿವಿಗಳನ್ನು ಮನೆಮನೆಯಿಂದ ಹೊತ್ತು ತರುವುದು, ರಿಪೇರಿಯಾದ ಮೇಲೆ ಮುಟ್ಟಿಸುವುದು ಅವನ ಪಾಲಿನ ಕೆಲಸ. ಅಂಗಡಿಯ ಎರಡನೆಯ ಬೀಗದ ಕೈ ಇರುತ್ತಿದ್ದದ್ದೂ ಅವನ ಹತ್ತಿರವೇ.

ಒಂದು ದಿನ ಎರಡು ಬೀದಿ ಆಚೆಯ ನರ್ಸಮ್ಮನ ಮನೆಯಿಂದ ಅವನು ಒಂದು ಟಿವಿ ಹೊತ್ತು ತಂದ. ಹಿಂದುಗಡೆ ಹೊಟ್ಟೆಯಿರುವ ಹಳೆಯ ಕಾಲದ್ದು. ಉಸಿರೇ ಇಲ್ಲ, ಮುಂದಿನ ಕೆಂಪು ದೀಪವೂ ಹತ್ತುತ್ತಿರಲಿಲ್ಲ.

ಟಿವಿಯವರು ಬೆನ್ನು ಬಿಚ್ಚಿದರು. ತೊಂದರೆ ಇದ್ದದ್ದು ಪವರ್ ಸಪ್ಲೈಯಲ್ಲಿ. ಗೋಡೆಯಿಂದ ಬರುವ ಕರೆಂಟನ್ನು ಕ್ಷಣಕ್ಕೆ ಸಾವಿರಾರು ಸಲ ಕತ್ತರಿಸಿ, ಟಿವಿಗೆ ಬೇಕಾದ ಹದಕ್ಕೆ ತಂದು ಬಡಿಸುವ ಭಾಗ ಅದು. ಕತ್ತರಿಸುವ ಕೆಲಸ ಒಂದು ಟ್ರಾನ್ಸಿಸ್ಟರಿನದು. ಮೀಟರಿನ ಕಡ್ಡಿ ಇಟ್ಟು ನೋಡಿದರೆ ಆ ಟ್ರಾನ್ಸಿಸ್ಟರು ಸುಟ್ಟು ಒಳಗೇ ಅಂಟಿಕೊಂಡಿತ್ತು, ಫ್ಯೂಸ್ ಹೋಗಿತ್ತು. ಎರಡನ್ನೂ ಬದಲಿಸಿ, ಪದ್ಧತಿಯ ಪ್ರಕಾರ ನೂರು ವ್ಯಾಟಿನ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತಲೇ ಇರುತ್ತದೆ, ಟಿವಿ ಬಚಾವಾಗುತ್ತದೆ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಚಿತ್ರ ಬಂತು. ದಿನವಿಡೀ ಓಡಿಸಿ ನೋಡಿ ಸಂಜೆ ಕಳಿಸಿಕೊಟ್ಟರು.

ಮೂರನೆಯ ದಿನ ಟಿವಿ ವಾಪಸು ಬಂತು. ಅದೇ ಟ್ರಾನ್ಸಿಸ್ಟರು, ಅದೇ ಸಾವು.

“ಎಲ್ಲಿಂದ ತಂದೆ ಇದನ್ನ?” ಎಂದು ಭಾವಮೈದುನನನ್ನು ಕೇಳಿದರು. ಕಿಂಡಿಯಿಂದ ಕೇಳಿಸಿತು.

“ಯಾವಾಗ್ಲೂ ತರೋ ಅಂಗಡಿಯಿಂದಾನೇ ಭಾವ.”

“ಅಕ್ಷರ ಒರೆಸಿದ್ರೆ ಹೋಗ್ತಾ ಇದೆ ನೋಡು. ಒರಿಜಿನಲ್ ಆದ್ರೆ ಹೀಗೆ ಹೋಗುತ್ತಾ?”

“ನಾನೇನು ಮನೇಲಿ ಕೂತು ಅಚ್ಚು ಹಾಕ್ತೀನಾ? ಅವರು ಕೊಟ್ಟಿದ್ದನ್ನ ತಂದೆ.”

ಹೇಳಿದ್ದು ನಗುತ್ತಲೇ. ಆದರೆ ಅಷ್ಟರಲ್ಲಿ ಟಿವಿಯವರ ತಲೆಗೆ ಹುಳ ಹೊಕ್ಕಾಗಿತ್ತು. ಮರುದಿನ ಅವನಿಗೆ ಹೇಳದೆ ತಾವೇ ಬಸ್ಸು ಹಿಡಿದು ದೊಡ್ಡ ಮಾರುಕಟ್ಟೆಗೆ ಹೋಗಿ ಬೇರೆ ಟ್ರಾನ್ಸಿಸ್ಟರು ತಂದರು. ಅದನ್ನು ಕೂರಿಸುವ ಮೊದಲು ಜೇಬಿನಿಂದ ಚಿಕ್ಕ ಸೀಸೆಯೊಂದನ್ನು ತೆಗೆದು, ಮೇಲೊಂದು ಕೆಂಪು ಚುಕ್ಕೆ ಇಟ್ಟರು. ಫ್ಯೂಸಿಗೊಂದು, ಬೋರ್ಡಿನ ಮೂಲೆಗೊಂದು. ಹೆಂಡತಿಯ ಉಗುರು ಬಣ್ಣ ಅದು. ಈ ಕಾರಣಕ್ಕೆ ಆ ವಾರ ಅವರ ಮನೆಯಲ್ಲೂ ಒಂದು ವಿಚಾರಣೆ ನಡೆಯಿತು.

“ನನ್ನ ಉಗುರು ಬಣ್ಣ ಎಲ್ಲಿ?”

“ಅಂಗಡಿಗೆ ಬೇಕಿತ್ತು.”

“ಅಂಗಡೀಲಿ ಯಾರ ಉಗುರಿಗೆ?”

ನಿನ್ನ ತಮ್ಮನ ಕೈಚಳಕ ಹಿಡಿಯೋದಕ್ಕೆ ಎಂದು ಹೇಳುವುದಾದರೂ ಹೇಗೆ? ಆಕೆ ಎರಡು ದಿನ ಒಗೆಯುವ ಮುನ್ನ ಗಂಡನ ಅಂಗಿಯ ಜೇಬುಗಳನ್ನು ಸ್ವಲ್ಪ ಹೆಚ್ಚೇ ಹುಷಾರಾಗಿ ತಡಕಿದರಂತೆ.

ಈ ಸಲವೂ ಟಿವಿ ದಿನವಿಡೀ ಓಡಿತು. ಸಂಜೆ ಮುಟ್ಟಿಸಿ ಬರಲು ಭಾವಮೈದುನನೇ ಹೋದ. ಆರು ದಿನ ಸುದ್ದಿಯಿಲ್ಲ. ಏಳನೆಯ ದಿನ ನರ್ಸಮ್ಮ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತರು.

“ಅಣ್ಣಾ, ನಿಮ್ಮ ಕೈಗುಣಾನೋ ನನ್ನ ಹಣೆಬರಹಾನೋ ಗೊತ್ತಿಲ್ಲ. ಈಗ ಬರೀ ಟಿಕ್ ಟಿಕ್ ಅನ್ನುತ್ತೆ. ಚಿತ್ರ ಇಲ್ಲ.”

ಸಂಜೆ ಟಿವಿ ಬಂತು. ಬಿಚ್ಚಲು ಕೂತವರೇ ಟಿವಿಯವರು ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಬೆನ್ನಿನ ಆರು ಸ್ಕ್ರೂಗಳಲ್ಲಿ ಐದು ಕಪ್ಪು, ಒಂದು ಹಿತ್ತಾಳೆಯದು. ತಾವು ಹಾಕಿದ್ದು ಆರೂ ಕಪ್ಪು. ಒಳಗೆ ಟ್ರಾನ್ಸಿಸ್ಟರಿನ ಕೆಂಪು ಚುಕ್ಕೆ ಹಾಗೇ ಇದೆ, ಅದು ಸತ್ತಿಲ್ಲ. ಆದರೆ ಅದರ ಬಿಸಿ ಹೀರುವ ಅಲ್ಯೂಮಿನಿಯಂ ಹಲಗೆಯ ಪಕ್ಕದಲ್ಲಿ ಕಿರುಬೆರಳಿನ ತುದಿಯಷ್ಟಿರುವ ಕರೆಂಟು ಕೂಡಿಟ್ಟು ಕೊಡುವ ಕೆಪಾಸಿಟರು ಒಂದಿತ್ತು, ಅದು ಕಪ್ಪಗಿದ್ದದ್ದು ಈಗ ನೀಲಿಯಾಗಿದೆ! ಕಾಲುಗಳು ಉದ್ದ. ಬೆಸುಗೆ ದಪ್ಪ ದಪ್ಪ, ಮೇಣದ ಹನಿ ಬಿದ್ದ ಹಾಗೆ.

ಯಾರೋ ಕೈ ಹಾಕಿದ್ದಾರೆ.

ನರ್ಸಮ್ಮನನ್ನು ಕೇಳಿದರೆ ಆಕೆ ನೊಂದುಕೊಂಡರು. “ಬೇರೆ ರಿಪೇರಿಯವರಿಗೆ ಯಾಕೆ ತೋರಿಸಲಿ ಅಣ್ಣಾ? ನಮ್ಮನೆಯವರು ಲಾರಿ ಜೊತೆ ಹೋದ್ರೆ ಹದಿನೈದು ದಿನ ಬರೋದಿಲ್ಲ. ನಾನು ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೇನೇ ಬರೋದು. ಮನೇಲಿ ಇರೋದು ಮಾವ ಒಬ್ಬರೇ, ಅವರಿಗೆ ಕಣ್ಣೇ ಸರಿಯಾಗಿ ಕಾಣಿಸೋದಿಲ್ಲ. ಯಾರೂ ಮುಟ್ಟಿಲ್ಲ.”

ಆಕೆಯ ಮುಖದಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಉಳಿದವರು ಯಾರು? ಟಿವಿಯವರು ತಮ್ಮ ಮನಸ್ಸಿನಲ್ಲಿ ಎಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿದರು. ಬೀಗದ ಕೈ ಇರುವುದು ಅವನ ಬಳಿ. ಟಿವಿ ಸಾಗಿಸಿದ್ದು ಅವನು. ಇತ್ತೀಚೆಗೆ ಮಧ್ಯಾಹ್ನ ಎಲ್ಲಿಗೋ ಹೋಗಿ ಬರುತ್ತಾನೆ, ಕೇಳಿದರೆ ‘ಸ್ವಲ್ಪ ಕೆಲಸ ಇತ್ತು’ ಎನ್ನುತ್ತಾನೆ. ಫೋನು ಬಂದರೆ ಹೊರಗೆ ಹೋಗಿ ಮಾತಾಡುತ್ತಾನೆ. ತಮ್ಮ ಕೈ ಕೆಟ್ಟಿದೆ ಎಂದು ಊರಿಗೆಲ್ಲ ತೋರಿಸಿ, ಗಿರಾಕಿಗಳನ್ನು ಕಟ್ಟಿಕೊಂಡು ಬೇರೆ ಅಂಗಡಿ ಇಡುವ ಹುನ್ನಾರ. ಕಾರ್ಖಾನೆಯ ಕಡೆಯ ಮೇಜಿನಲ್ಲಿ ಕೂತು ಇಪ್ಪತ್ತು ಜನರಲ್ಲಿ ತಪ್ಪು ಮಾಡಿದವರು ಯಾರೆಂದು ಬೆಸುಗೆ ನೋಡಿಯೇ ಹೇಳುತ್ತಿದ್ದವರಿಗೆ ಇದೇನು ದೊಡ್ಡ ವಿಷಯ?

ಮರುದಿನ ಮಧ್ಯಾಹ್ನ ಅವನು ಬರುವುದನ್ನೇ ಕಾದಿದ್ದು, ಬೋರ್ಡನ್ನು ಅವನ ಮುಖದ ಮುಂದೆ ಹಿಡಿದರು. ನಾನು ಲೆನ್ಸ್ ಉಜ್ಜುವುದನ್ನು ನಿಲ್ಲಿಸಿದೆ.

“ಇದು ನಿನ್ನ ಬೆಸುಗೆ ತಾನೇ?”

“ಅಲ್ಲ ಭಾವ.”

“ನನ್ನದಲ್ಲ. ನಿನ್ನದಲ್ಲ. ಅಂದ್ರೆ ಟಿವಿ ತಾನೇ ಎದ್ದು ಬೆಸುಗೆ ಹಾಕ್ಕೊಳ್ತಾ? ಇಲ್ಲ ನೀನು ಬೇರೆ ಅಂಗಡಿ ಇಡೋಕೆ ಹೊರಟಿದೀಯಾ?”

ಅವನು ಬಹಳ ಹೊತ್ತು ಬೋರ್ಡನ್ನು ನೋಡಿದ. ಆಮೇಲೆ ಆ ಕೆಂಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದ.

“ಇದೇನು?”

ಟಿವಿಯವರು ಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಗುರುತು ಹಾಕಿದ್ರಾ? ನಾನು ಕದೀತೀನಿ ಅಂತ?” ಅವನ ದನಿ ಏರಲಿಲ್ಲ, ಇನ್ನೂ ಸಣ್ಣದಾಯಿತು. “ಅಕ್ಕನ ಉಗುರು ಬಣ್ಣದಲ್ಲಿ?”

ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡು, ನನ್ನ ಅಂಗಡಿಯ ಮುಂದೆಯೇ ಹಾದುಹೋದ. ಯಾವಾಗಲೂ ‘ಏನು ಸಮಾಚಾರ’ ಎನ್ನದೆ ಹೋಗದವನು ಅಂದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಸಂಜೆ ಮನೆಯಲ್ಲಿ ಹೆಂಡತಿ ಕೂಗಾಡಲಿಲ್ಲವಂತೆ. ಬಡಿಸಿ, ಎದುರಿಗೆ ಕೂತು, ಒಂದೇ ಮಾತು ಕೇಳಿದರಂತೆ: “ಇಷ್ಟು ವರ್ಷ ನನಗೂ ಎಲ್ಲಾದ್ರೂ ಚುಕ್ಕೆ ಇಟ್ಟಿದ್ದೀರಾ?”

ಅವರು ನನ್ನ ಬಳಿ ಬಂದದ್ದು ಇದಾದ ಎರಡು ದಿನಕ್ಕೆ. “ನಿಮ್ಮ ದೊಡ್ಡ ಭೂತಗನ್ನಡಿ ಸ್ವಲ್ಪ ಕೊಡಿ” ಎಂದರು. ಬೋರ್ಡನ್ನು ನನ್ನ ಮೇಜಿನ ದೀಪದ ಕೆಳಗೇ ಇಟ್ಟರು. ದಪ್ಪ ಬೆಸುಗೆಯ ಸುತ್ತ ಜೇನಿನ ಬಣ್ಣದ ರಾಳ ಹೆಪ್ಪುಗಟ್ಟಿತ್ತು. ಈಗಿನ ಬೆಸುಗೆ ತಂತಿಯೊಳಗೇ ರಾಳ ಇರುತ್ತದೆ. ಹೀಗೆ ಉಂಡೆ ರಾಳಕ್ಕೆ ಕಾದ ಬೆಸುಗೆ ಕಬ್ಬಿಣ ಅದ್ದಿ ಬೆಸೆಯುವವರು ಈಗ ಯಾರೂ ಇಲ್ಲ ಎಂದರು. ನಾನು ಕನ್ನಡಿ ಸರಿಸುತ್ತಾ ಹೋದೆ.

“ಇಲ್ಲೊಂದು ಕೂದಲು ಸಿಕ್ಕಿಕೊಂಡಿದೆ ನೋಡಿ,” ಎಂದೆ.

ರಾಳದೊಳಗೆ, ಗಾಜಿನಲ್ಲಿ ಹುದುಗಿದ ಹಾಗೆ, ಅರ್ಧ ಅಂಗುಲದ ಒರಟು ಬಿಳಿ ಕೂದಲು. ಬೆಳ್ಳಗೆ, ಬುಡದಿಂದ ತುದಿಯವರೆಗೂ.

ಅವರು ಮುಖ ಗಂಟಿಕ್ಕಿ ಬಹಳ ಹೊತ್ತು ನೋಡಿದರು. ಭಾವಮೈದುನನ ತಲೆ ಕಾಡಿಗೆಯಷ್ಟು ಕಪ್ಪು. ನಾನಾದರೆ ಅಲ್ಲಿಗೇ ಅವನ ಮೇಲಿನ ಅನುಮಾನ ಬಿಟ್ಟುಬಿಡುತ್ತಿದ್ದೆ. ಅವರು ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರು: “ನಿನ್ನ ತಮ್ಮ ತಲೆಗೆ ಬಣ್ಣ ಹಚ್ಕೊಳ್ತಾನಾ?” ಅಂದಿನ ಊಟವನ್ನು ಅವರೇ ಬಡಿಸಿಕೊಂಡರು.

ಮರುದಿನ ಹನ್ನೊಂದು ಗಂಟೆಗೆ, ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಏರಿಳಿತ ಇದೆಯೇ ನೋಡಬೇಕು ಎಂಬ ನೆಪ ಮಾಡಿಕೊಂಡು ಅವರು ನರ್ಸಮ್ಮನ ಮನೆಯ ಬಾಗಿಲು ತಟ್ಟಿದರು. ತೆರೆದದ್ದು ಮಾವ. ಎತ್ತರದ ಒಣಕಲು ಮುದುಕರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಹುಬ್ಬು ಎರಡು ಬಿಳಿ ಕುಂಚದ ಹಾಗೆ ಮುಂದಕ್ಕೆ ಚಾಚಿತ್ತು. ಎಡಗಡೆಯ ಹುಬ್ಬಿನ ಮಧ್ಯೆ ಸುಟ್ಟು ಸುರುಟಿಕೊಂಡ ಜಾಗ.

ಒಳಗೆ ಹೋದರೆ ಇನ್ನೇನೂ ಹುಡುಕುವ ಅಗತ್ಯವೇ ಇರಲಿಲ್ಲ. ಕೋಣೆಯಲ್ಲಿ ರಾಳದ ವಾಸನೆ. ಮೇಜಿನ ಬಟ್ಟೆಯ ಮೇಲೆ ಬೆಸುಗೆ ಕಬ್ಬಿಣ ಮಲಗಿ ಎದ್ದ ಕಂದು ಗೆರೆ. ಅದನ್ನು ಮುಚ್ಚಲು ಹೂದಾನಿಯನ್ನು ಬೇಕೆಂದೇ ಅಂಚಿಗೆ ಸರಿಸಿಟ್ಟಿದ್ದರು.

“ತಾತ, ಟಿವಿ ಬಿಚ್ಚಿದ್ದು ನೀವಾ?”

ಮುದುಕರು ಕುರ್ಚಿಯಲ್ಲಿ ಕೂತರು. ತಪ್ಪಿಸಿಕೊಳ್ಳಲು ಹೋಗಲಿಲ್ಲ.

“ನಲವತ್ತು ವರ್ಷ ರೇಡಿಯೋ ಬಿಚ್ಚಿದೀನಿ. ಈ ಊರಿನ ಅರ್ಧ ರೇಡಿಯೋ ನನ್ನ ಕೈಯಲ್ಲಿ ಹಾಡಿವೆ. ಮನೇಲೇ ರಿಪೇರಿಯವನೊಬ್ಬ ಕೂತಿರೋವಾಗ ನನ್ನ ಸೊಸೆ ನಿನ್ನನ್ನ ಕರೆಸಿದಳು. ‘ಮಾವ, ಒಂದು ಸಲ ನೋಡ್ತೀರಾ’ ಅಂತ ಬಾಯಿ ಮಾತಿಗಾದ್ರೂ ಕೇಳಲಿಲ್ಲ.”

“ಒಳಗೆ ಮುನ್ನೂರು ವೋಲ್ಟು ನಿಂತಿರುತ್ತೆ. ಹೆಚ್ಚುಕಮ್ಮಿ ಆಗಿದ್ರೆ?”

“ವಾಲ್ವ್ ರೇಡಿಯೋದ ಹೊಟ್ಟೇಲಿ ಏನು ಮಜ್ಜಿಗೆ ಇರ್ತಿತ್ತಾ? ಬಲ್ಬು ಹಚ್ಚಿ ದೊಡ್ಡ ಕೆಪಾಸಿಟರು ಖಾಲಿ ಮಾಡೇ ಕೈ ಹಾಕಿದ್ದು.” ಆಮೇಲೆ ಮುಂದಕ್ಕೆ ಬಾಗಿದರು. “ನೀನು ಎರಡು ಸಲ ಸತ್ತವನನ್ನ ಎತ್ತಿ ಹೊಸಬನನ್ನ ಕೂರಿಸಿದೆ. ಕೊಂದವನು ಯಾರು ಅಂತ ನೋಡಿದೆಯಾ?”

ಊರಿನವರನ್ನೆಲ್ಲ ಶಂಕಿಸಿದವರು ಟಿವಿಯವರು. ಆ ಚಿಕ್ಕ ಕೆಪಾಸಿಟರನ್ನು ಮಾತ್ರ ಶಂಕಿಸಿರಲಿಲ್ಲ.

“ನಾನು ದಿನವಿಡೀ ಇದರ ಎದುರಿಗೇ ಕೂತಿರ್ತೀನಿ. ಕಣ್ಣು ಮಂಜಾದ್ರೂ ಕಿವಿ ಇದೆ,” ಎಂದರು ಮುದುಕರು. “ಬೆಳಿಗ್ಗೆ ತಣ್ಣಗಿರುವಾಗ ಹಾಕಿದ್ರೆ ಒಂದು ಕ್ಷಣ ಕೆಮ್ಮುತ್ತೆ. ಬಿಸಿ ಆದ್ಮೇಲೆ ಆರಿಸಿ ಹಾಕಿದ್ರೆ ಕೆಮ್ಮಲ್ಲ. ಎರಡು ಸಲಾನೂ ಅದು ಸತ್ತಿದ್ದು ಬೆಳಿಗ್ಗೆ ಏಳೂವರೆಗೆ. ಆ ಸಣ್ಣ ಕೆಪಾಸಿಟರು ಬಿಸಿ ಹಲಗೆ ಪಕ್ಕದಲ್ಲೇ ಕೂತು ಕೂತು ಒಳಗಿನ ರಸವೆಲ್ಲ ಆರಿ ಒಣಗಿದೆ. ತಣ್ಣಗಿರುವಾಗ ಕೆಲಸಕ್ಕೆ ಏಳೋದಿಲ್ಲ. ಅದು ಏಳದೆ ಇದ್ರೆ ಟ್ರಾನ್ಸಿಸ್ಟರು ಅಡ್ಡಾದಿಡ್ಡಿ ಕತ್ತರಿಸಿ ಸುಟ್ಟುಹೋಗುತ್ತೆ. ಮೂರನೇ ಸಲವೂ ಕೆಮ್ಮು ಕೇಳಿಸ್ತು, ಸಾಯೋ ಮೊದಲೇ ಬದಲಾಯಿಸೋಣ ಅಂತ ಬಿಚ್ಚಿದೆ. ಇದನ್ನ ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ನಿನ್ನ ಕಡೆಯ ಆ ನಗುಮುಖದವನು ಮಾತ್ರ ಒಂದಿನ ಕೇಳಿದ, ‘ತಾತ, ಯಾವ ಹೊತ್ತಿಗೆ ಕೆಡುತ್ತೆ’ ಅಂತ. ನಾನು ಮುನಿಸಿಕೊಂಡಿದ್ದೆ, ಹೇಳಲಿಲ್ಲ.”

ಟಿವಿಯವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಯಾರೋ ಬಿಚ್ಚಿದ್ದಾರೆ ಎಂಬ ತಮ್ಮ ಮಾತು ನಿಜವಾಯಿತೆಂಬ ಖುಷಿ ಅರ್ಧ ನಿಮಿಷ ಇತ್ತಂತೆ. ಆಮೇಲೆ ಮೇಜಿನ ಮೇಲಿಟ್ಟು ಹೋದ ಬೀಗದ ಕೈ ನೆನಪಿಗೆ ಬಂತಂತೆ.

“ಮತ್ತೆ, ನೀವು ಹಾಕಿದ್ದು ಯಾಕೆ ಟಿಕ್ ಟಿಕ್ ಅನ್ನುತ್ತೆ?” ಎಂದು ಕೇಳಿದರು, ಕೇಳಲೇಬೇಕಾಗಿತ್ತಾದ್ದರಿಂದ.

ಮುದುಕರು ಈಗ ಕಿಟಕಿಯ ಕಡೆ ತಿರುಗಿದರು. “ಅದೇ ಗೊತ್ತಾಗ್ತಾ ಇಲ್ಲ. ನನ್ನ ಡಬ್ಬೀಲಿ ಇದ್ದಿದ್ದು. ಒಳ್ಳೆ ಕಂಪನೀದು. ಉಪಯೋಗಿಸೇ ಇರಲಿಲ್ಲ.”

“ಎಷ್ಟು ವರ್ಷದಿಂದ ಇತ್ತು ಡಬ್ಬೀಲಿ?”

“ಅಂಗಡಿ ಮುಚ್ಚಿದಾಗ ತಂದಿದ್ದು.” ಸ್ವಲ್ಪ ತಡೆದು, “ಇಪ್ಪತ್ತಾರು,” ಎಂದರು.

ಇಪ್ಪತ್ತಾರು ವರ್ಷ ಡಬ್ಬಿಯಲ್ಲಿ ಕೂತ ಕೆಪಾಸಿಟರು ಕೂತಲ್ಲೇ ಒಣಗಿತ್ತು. ಮುದುಕರ ಲೆಕ್ಕಾಚಾರ ಸರಿ, ಸಾಮಾನು ಹಾಳು. ಟಿವಿಯವರ ಸಾಮಾನು ಸರಿ, ಲೆಕ್ಕಾಚಾರ ಹಾಳು.

ಮರುದಿನ ಬೆಳಿಗ್ಗೆ ಮುದುಕರು ಕೋಲೂರಿಕೊಂಡು ಅಂಗಡಿಗೆ ಬಂದರು. ನಾನೂ ನನ್ನ ಬಾಗಿಲು ಅರ್ಧ ತೆರೆದು ಅಲ್ಲೇ ನಿಂತೆ. ರಾತ್ರಿಯಿಡೀ ತಣ್ಣಗಿದ್ದ ಟಿವಿಗೆ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಟಿಕ್, ಟಿಕ್, ಟಿಕ್. ಬಿಸಿ ಕಬ್ಬಿಣವನ್ನು ನೀಲಿ ಕೆಪಾಸಿಟರಿನ ಹತ್ತಿರ, ತಾಗದ ಹಾಗೆ, ಒಂದು ನಿಮಿಷ ಹಿಡಿದರು. ಟಿಕ್ ಟಿಕ್ ನಿಂತು, ಒಳಗೆಲ್ಲೋ ಸಣ್ಣಗೆ ಸಿಳ್ಳೆ ಹೊಡೆದಂತಾಗಿ, ತೆರೆ ಬೆಳಗಿತು. “ಹೇಳಲಿಲ್ವಾ!” ಎಂದು ಮುದುಕರು ಕೋಲಿನಿಂದ ನೆಲ ಕುಟ್ಟಿದರು.

ಕರೆಂಟು ತೆಗೆದು, ಟಿವಿಯವರು ಮೂರು ಹೊಸ ಕೆಪಾಸಿಟರುಗಳನ್ನು ಮೀಟರಿಗೆ ಹಚ್ಚಿ, ಮೂರರ ಮೇಲೂ ಅನುಮಾನಪಟ್ಟು, ಕೊನೆಗೆ ಒಂದನ್ನು ಆರಿಸಿ ಬೆಸೆದರು. ಏಳು ದಿನ ಟಿವಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಏಳು ಬೆಳಗೂ ತಣ್ಣಗಿರುವಾಗಲೇ ಹಾಕಿ ನೋಡಿದರು. ಕೆಮ್ಮಲಿಲ್ಲ. ಏಳು ದಿನವೂ ಮುದುಕರು ಹಾಜರು. ಅಷ್ಟರಲ್ಲಿ ನಾನು ಅವರ ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಮಾಡಿಕೊಟ್ಟೆ. ಹಾಕಿಕೊಂಡು, ಬಿಚ್ಚಿಟ್ಟಿದ್ದ ನೀಲಿ ಕೆಪಾಸಿಟರಿನ ಕಾಲಿಗೆ ಅಂಟಿದ್ದ ತಮ್ಮ ಬೆಸುಗೆಯನ್ನು ನೋಡಿದವರೇ “ಥೂ, ಯಾವನೋ ಇದನ್ನ ಮಾಡಿದ್ದು?” ಎಂದರು.

ಕಷ್ಟದ ಕೆಲಸ ಬಾಕಿಯಿತ್ತು. ತಮ್ಮನ ಮನೆಗೆ ಜೊತೆಯಾಗಿ ಬರಲು ಹೆಂಡತಿ ಒಪ್ಪಲಿಲ್ಲ. “ಅನುಮಾನ ಪಡೋವಾಗ ಒಬ್ಬರೇ ಪಟ್ರಿ ತಾನೇ? ಒಬ್ಬರೇ ಹೋಗಿ,” ಎಂದರು. ಹೋದರು. ಭಾವಮೈದುನ ಬಾಗಿಲಲ್ಲೇ ನಿಲ್ಲಿಸಿದ.

“ತಪ್ಪಾಯ್ತು ಅನ್ನೋದಕ್ಕೆ ಬಂದ್ರಾ ಭಾವ, ಇಲ್ಲ ನಾನು ಎಲ್ಲಿ ಅಂಗಡಿ ಇಟ್ಟಿದೀನಿ ಅಂತ ನೋಡೋದಕ್ಕಾ?”

“ತಪ್ಪಾಯ್ತು,” ಎಂದರು ಇವರು. ಆ ಪದ ಅವರ ಬಾಯಲ್ಲಿ ಎಷ್ಟು ಹೊಸದಾಗಿತ್ತೆಂದರೆ ಎರಡು ಸಲ ಹೇಳಬೇಕಾಯಿತಂತೆ.

ಅವನು ಒಳಗೆ ಕರೆದ. ಮಧ್ಯಾಹ್ನ ಹೋಗುತ್ತಿದ್ದದ್ದು ಮಗಳನ್ನು ಮಾತಿನ ತರಬೇತಿಗೆ ಕರೆದುಕೊಂಡು. ಅವಳಿಗೆ ತೊದಲು, ಮನೆಮಂದಿಗೆ ತಿಳಿದರೆ ಆಡಿಕೊಳ್ಳುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಫೋನು ಬರುತ್ತಿದ್ದದ್ದೂ ಅಲ್ಲಿಂದಲೇ. ಎಲ್ಲ ಹೇಳಿ, ಕೊನೆಗೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದ. “ಆ ಮೊದಲನೇ ಟ್ರಾನ್ಸಿಸ್ಟರು ಇದೆಯಲ್ಲ ಭಾವ, ಅದು ನಮ್ಮ ಮಾಮೂಲಿ ಅಂಗಡೀದಲ್ಲ. ಅವತ್ತು ಮುಚ್ಚಿತ್ತು, ಬೇರೆ ಕಡೆಯಿಂದ ತಂದೆ. ಕವರೂ ಇರಲಿಲ್ಲ. ನನಗೂ ಅನುಮಾನ ಬಂದಿತ್ತು. ಹೇಳಿದ್ರೆ ನೀವು ದಿನವಿಡೀ ಕೊರೀತೀರ ಅಂತ ಹೇಳಲಿಲ್ಲ.”

ಇದನ್ನು ನನಗೆ ಹೇಳುವಾಗ ಟಿವಿಯವರ ಕಣ್ಣು ಹೊಳೆಯಿತು. “ನೋಡಿದ್ರಾ, ನಾನು ಪೂರ್ತಿ ತಪ್ಪಲ್ಲ,” ಎಂದರು. ನಾನು ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡರು.

ಅವನು ಒಂದು ತಿಂಗಳ ನಂತರ ಕೆಲಸಕ್ಕೆ ಮರಳಿದ. ಆದರೆ ಬೀಗದ ಕೈಯನ್ನು ಇವತ್ತಿಗೂ ತೆಗೆದುಕೊಂಡಿಲ್ಲ. ಅಂಗಡಿ ತೆರೆಯುವವರೆಗೆ ನನ್ನ ಜಗಲಿಯ ಮೇಲೆ ಕೂತಿರುತ್ತಾನೆ. ಬಿಡಿಭಾಗ ತಂದರೆ ಕವರು ಬಿಚ್ಚುವುದಿಲ್ಲ. ಮೇಜಿನ ಮೇಲಿಟ್ಟು, “ನೀವೇ ಬಿಚ್ಚಿ ನೋಡ್ಕೊಳ್ಳಿ ಭಾವ,” ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದರಲ್ಲಿ ಸಿಟ್ಟಿಲ್ಲ, ಆದರೆ ನಗುವೂ ಇಲ್ಲ. ಟಿವಿಯವರು “ನೋಡೋದೇನಿದೆ” ಎಂದು ಕವರನ್ನು ಹಾಗೇ ಬದಿಗೆ ಸರಿಸುತ್ತಾರೆ.

ಅವನು ಹೊರಗೆ ಹೋದ ಮೇಲೆ ಅದನ್ನು ಮೆಲ್ಲಗೆ ಎಳೆದುಕೊಂಡು ದೀಪಕ್ಕೆ ಹಿಡಿಯುತ್ತಾರೆ. ಆಗ ಕಿಂಡಿಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ. ನಾನು ತಲೆ ಬಗ್ಗಿಸಿ ಲೆನ್ಸ್ ಉಜ್ಜುತ್ತಿರುತ್ತೇನೆ.